ಕಾಗೆ ಬಂಗಾರವೂ ಕೈಯ ಲೆಕ್ಕವೂ

ಮಣ್ಣಿನಲ್ಲಿ ಮಿನುಗುವ ಅಭ್ರಕದ ಚೂರನ್ನು ನಮ್ಮ ಜನ ಕಾಗೆ ಬಂಗಾರ ಎಂದು ಕರೆಯುತ್ತಾರೆ. ಕಣ್ಣಿಗೆ ಚಿನ್ನದಂತೆ ಕಂಡರೂ ಅಕ್ಕಸಾಲಿಗನ ತಕ್ಕಡಿಯಲ್ಲಿ ಅದಕ್ಕೆ ಬೆಲೆಯಿಲ್ಲ. ಮಕ್ಕಳು ಅದನ್ನು ಹೆಕ್ಕಿ ಜೇಬಿಗೆ ಹಾಕಿಕೊಳ್ಳುತ್ತಾರೆ. ದೊಡ್ಡವರು ನೋಡಿ ನಗುತ್ತಾರೆ. ೨೦೦೮ನೆಯ ಇಸವಿಯಲ್ಲಿ ನಮ್ಮ ನಾಡಿನ ಕಲಾವಿದೆ ಶ್ರೀಮತಿ ಶೀಲಾ ಗೌಡ ಅವರು ತಮ್ಮದೊಂದು ಕೃತಿಗೆ ಈ ಹೆಸರನ್ನೇ ಇಟ್ಟರು. ರಸ್ತೆಗೆ ಹಾಕುವ ಡಾಂಬರಿನ ಖಾಲಿ ಪೀಪಾಯಿಗಳು, ಅವನ್ನು ಸೀಳಿ ಚಪ್ಪಟೆಯಾಗಿಸಿದ ತಗಡುಗಳು, ಬಣ್ಣದ ಟಾರ್ಪಾಲು, ಒಂದಿಷ್ಟು ಅಭ್ರಕ, ಇಷ್ಟೇ ಆ ಕೃತಿಯ ಸಾಮಗ್ರಿ. ನಿಜವಾದ ಬಂಗಾರದ ಹೆಸರನ್ನು ಹೊತ್ತ ಬಂಗಾರಪೇಟೆಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ ನನಗೆ ಈ ಹೆಸರು ಕಿವಿಗೆ ಬಿದ್ದಾಗ ಅದು ಸುಮ್ಮನೆ ಬಿಟ್ಟುಬಿಡುವಂಥ ಮಾತಾಗಿ ತೋರಲಿಲ್ಲ. ಆ ಕಲಾವಿದೆಯ ಕೆಲಸದ ರೀತಿಯನ್ನೂ, ನಮ್ಮ ಚಿನ್ನದ ಸೀಮೆಯ ಚರಿತ್ರೆಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಎರಡೂ ಹೆಚ್ಚು ಸ್ಪಷ್ಟವಾಗುತ್ತವೆ ಎಂಬುದು ನನ್ನ ಭಾವನೆ.

ಶೀಲಾ ಗೌಡ ಅವರು ಹುಟ್ಟಿದ್ದು ೧೯೫೭ರಲ್ಲಿ, ಭದ್ರಾವತಿಯಲ್ಲಿ. ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿಯೂ ಆಮೇಲೆ ಶಾಂತಿನಿಕೇತನದಲ್ಲಿಯೂ ಕಲಿತು, ೧೯೮೬ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಉನ್ನತ ವ್ಯಾಸಂಗ ಮುಗಿಸಿದರು. ಮೊದಲು ಅವರದು ಕುಂಚದ ಕೆಲಸ. ೧೯೯೨ರ ಅಯೋಧ್ಯೆಯ ಘಟನೆ ಮತ್ತು ಅದನ್ನು ಹಿಂಬಾಲಿಸಿದ ಗಲಭೆಗಳ ತರುವಾಯ, ಕ್ಯಾನ್‌ವಾಸಿನ ಮೇಲಿನ ತೈಲವರ್ಣ ತಾವು ಹೇಳಬೇಕಾದ್ದನ್ನು ಹೇಳಲಾರದು ಎಂದು ಅವರಿಗೆ ತೋರಿತು. ಅವರು ಕೈಗೆತ್ತಿಕೊಂಡದ್ದು ಸಗಣಿಯನ್ನು. ಇದನ್ನು ಕೇಳಿ ಪೇಟೆಯ ವಾಚಕರು ಮೂಗು ಮುರಿಯಬಹುದು. ಆದರೆ ಅಂಗಳ ಸಾರಿಸಿದ, ಬೆರಣಿ ತಟ್ಟಿದ ಯಾವ ಹೆಂಗಸಿಗೂ ಇದರಲ್ಲಿ ವಿಚಿತ್ರವೇನೂ ಕಾಣದು. ಬೆರಣಿಯ ಮೇಲೆ ಐದು ಬೆರಳೂ ಮೂಡಿರುತ್ತವೆ. ದಿನವೂ ತಟ್ಟಿದರೂ, ಗೋಡೆಯ ತುಂಬ ತಟ್ಟಿದರೂ, ಒಂದರ ಅಚ್ಚು ಇನ್ನೊಂದರದಲ್ಲ.

ಅವರ ಕೃತಿಗಳನ್ನು ನಾನು ಹೆಚ್ಚಾಗಿ ಛಾಯಾಚಿತ್ರಗಳಲ್ಲಿ ಕಂಡವನು. ಅವುಗಳಲ್ಲಿ ಬಹಳ ಹೆಸರಾದದ್ದು ೧೯೯೮ರ ಒಂದು ಕೃತಿ. ‘ಅವನಿಗೆ ನನ್ನ ನೋವನ್ನು ಹೇಳು’ ಎಂದು ಅದರ ಇಂಗ್ಲಿಷ್ ಹೆಸರಿನ ತಾತ್ಪರ್ಯವನ್ನು ತಿಳಿಸಬಹುದು. ಬಹು ಉದ್ದದ ದಾರವನ್ನು ಸೂಜಿಯ ಕಣ್ಣಿನಲ್ಲಿ ಪೋಣಿಸಿ, ಅರ್ಧ ದಾರ ಆಚೆ ಬರುವ ತನಕ ಎಳೆಯುವುದು. ಇನ್ನೊಂದು ಸೂಜಿ, ಇನ್ನೊಂದು ದಾರ, ಮತ್ತೆ ಎಳೆಯುವುದು. ಹೀಗೆ ಎಷ್ಟೋ ದಾರಗಳನ್ನು ಕೂಡಿಸಿ, ಕುಂಕುಮ ಮತ್ತು ಅಂಟನ್ನು ಕೈಯಿಂದ ಸವರಿ ಹಗ್ಗ ಮಾಡುವುದು. ಆ ಕೆಂಪು ಹಗ್ಗ ಗೋಡೆಯ ಮೇಲೂ ನೆಲದ ಮೇಲೂ ಬಳುಕಿಕೊಂಡು ಹರಿಯುತ್ತದೆ. ಅದರ ತುದಿಯಲ್ಲಿ ಸೂಜಿಗಳೆಲ್ಲ ಗೊಂಚಲಾಗಿ ತೂಗುತ್ತವೆ. ದೂರದಿಂದ ನೋಡಿದವನಿಗೆ ಕಾಣುವುದು ಒಂದು ಹಗ್ಗ ಮಾತ್ರ. ಸಮೀಪ ಹೋದವನಿಗೆ ಅದು ಎಷ್ಟು ದಿನಗಳ ಕೆಲಸವೆಂಬುದು ಮೆಲ್ಲಗೆ ಮನಸ್ಸಿಗೆ ಬರುತ್ತದೆ. ಸೂಜಿಯ ಮೊನೆ ನೋವನ್ನು ನೆನಪಿಸಿದರೆ, ಮತ್ತೆ ಮತ್ತೆ ಎಳೆದ ದಾರ ಆ ನೋವು ಎಷ್ಟು ಕಾಲದ್ದೆಂದು ತಿಳಿಸುತ್ತದೆ.

ಇದರಲ್ಲಿ ಕಲೆ ಎಲ್ಲಿದೆ, ಮಾಡಿದ್ದನ್ನೇ ಮಾಡುವುದಕ್ಕೆ ಪ್ರತಿಭೆ ಏಕೆ ಬೇಕು ಎಂದು ಕೇಳುವವರಿದ್ದಾರೆ. ಸಾಹಿತ್ಯದ ಪಾಠ ಹೇಳುವವರಾದ ನಾವು ಕೂಡ ಪುನರುಕ್ತಿಯನ್ನು ದೋಷವೆಂದೇ ಕಲಿಸುತ್ತೇವೆ. ಆದರೆ ಬದುಕಿನ ಬಹುಭಾಗ ಪುನರುಕ್ತಿಯ ಮೇಲೆಯೇ ನಿಂತಿದೆ. ನೇಯುವುದು, ಬೀಸುವುದು, ಉಳುವುದು, ಹೂ ಕಟ್ಟುವುದು, ಜಪಮಾಲೆ ಎಣಿಸುವುದು, ಇವೆಲ್ಲ ಒಂದೇ ಚಲನೆಯನ್ನು ಸಾವಿರ ಸಲ ಮಾಡುವ ಕೆಲಸಗಳು. ಇಂಥ ಕೆಲಸದ ಫಲವನ್ನು ಲೋಕ ಕೊಳ್ಳುತ್ತದೆ, ತೂಗುತ್ತದೆ, ಕಡತದಲ್ಲಿ ಬರೆದಿಡುತ್ತದೆ. ಆ ಸಾವಿರ ಸಲದ ಲೆಕ್ಕವನ್ನು ಮಾತ್ರ ಯಾರೂ ಇಡುವುದಿಲ್ಲ. ಈ ಮಾತಿಗೆ ಕೋಲಾರದ ಚಿನ್ನದ ಗಣಿಗಿಂತ ದೊಡ್ಡ ನಿದರ್ಶನ ನಮ್ಮ ರಾಜ್ಯದಲ್ಲಿಲ್ಲ.

ಚಿನ್ನದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಕಂಪನಿಗಳಿಂದ ಆರಂಭಿಸುತ್ತೇವೆ. ಭಾಷೆಯಿಂದ ಆರಂಭಿಸಿದರೆ ಇನ್ನೂ ಹಿಂದಕ್ಕೆ ಹೋಗಬಹುದು. ಕನ್ನಡದಲ್ಲಿ ಜಲಗಾರ ಎಂಬ ಒಂದು ಮಾತಿದೆ. ಈಗ ಆ ಮಾತಿಗೆ ಕಸ ಗುಡಿಸುವವನೆಂಬ ಅರ್ಥವೇ ಹೆಚ್ಚು ಪರಿಚಿತ. ಆದರೆ ಮಣ್ಣನ್ನೂ, ಅಕ್ಕಸಾಲಿಗರ ಅಂಗಡಿಯ ಧೂಳನ್ನೂ ನೀರಿನಲ್ಲಿ ತೊಳೆದು ಚಿನ್ನದ ಕಣಗಳನ್ನು ಬೇರ್ಪಡಿಸುವವನು ಎಂಬ ಅರ್ಥವೂ ಅದಕ್ಕಿದೆ. ಮರಿಗೆಯಲ್ಲಿ ಮಣ್ಣು ಹಾಕಿ, ನೀರು ಬಿಟ್ಟು, ತಿರುಗಿಸಿ, ಬಾಗಿಸಿ, ಹಗುರವಾದದ್ದನ್ನು ಚೆಲ್ಲಿ, ಭಾರವಾದದ್ದನ್ನು ಉಳಿಸಿಕೊಳ್ಳುವುದು ಅವನ ಕಸಬು. ಅಡಿಗೆಮನೆಯಲ್ಲಿ ಅಕ್ಕಿಯನ್ನು ಜಾಲಿಸಿ ಕಲ್ಲು ತೆಗೆಯುವ ಗೃಹಿಣಿಯ ಕೈಗೂ ಇವನ ಕೈಗೂ ಚಲನೆ ಒಂದೇ. ಅವಳು ಕಲ್ಲನ್ನು ತಳದಲ್ಲಿ ಬಿಟ್ಟು ಅಕ್ಕಿಯನ್ನು ತೆಗೆದುಕೊಳ್ಳುತ್ತಾಳೆ, ಅವನು ತಳದಲ್ಲಿ ನಿಂತದ್ದನ್ನು ತೆಗೆದುಕೊಳ್ಳುತ್ತಾನೆ, ಅಷ್ಟೇ ಭೇದ.

೧೮೦೨ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಮೈಸೂರು ಸೀಮೆಯ ಪೂರ್ವದ ಎಲ್ಲೆಯನ್ನು ಅಳೆಯಲು ಈ ಕಡೆಗೆ ಬಂದಾಗ ಕಂಡದ್ದು ಇಂಥ ಕೈಗಳನ್ನೇ. ಇಲ್ಲಿನ ನೆಲದಲ್ಲಿ ಚಿನ್ನವಿದೆ ಎಂಬ ವದಂತಿಯನ್ನು ಕೇಳಿ ಅವನು ಬಹುಮಾನ ಸಾರಿದನಂತೆ. ಹಳ್ಳಿಯವರು ಗಾಡಿಗಳಲ್ಲಿ ಮಣ್ಣು ತುಂಬಿಕೊಂಡು ಬಂದು, ಅವನ ಎದುರಿಗೇ ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. ವಾರನ್ನನ ವರದಿ ಉಳಿಯಿತು. ತೊಳೆದು ತೋರಿಸಿದವರ ಹೆಸರು ಉಳಿಯಲಿಲ್ಲ. ಮುಂದೆ ಸುಮಾರು ೭೦ ವರ್ಷಗಳಾದ ಮೇಲೆ ಮೈಕೆಲ್ ಫಿಟ್ಜ್‌ಜೆರಾಲ್ಡ್ ಲಾವೆಲ್ ಎಂಬ ಐರಿಷ್ ಸಿಪಾಯಿ ಆ ವರದಿಯಿಂದ ಪ್ರೇರಿತನಾಗಿ, ೧೮೭೧ರಲ್ಲಿ ಬೆಂಗಳೂರಿನ ದಂಡಿನಿಂದ ಎತ್ತಿನ ಗಾಡಿಯಲ್ಲಿ ಹೊರಟು ಕೋಲಾರದ ಕಡೆಗೆ ಬಂದ. ೧೮೭೫ರಲ್ಲಿ ಅವನಿಗೆ ಗಣಿ ತೋಡುವ ಪರವಾನಗಿ ದೊರೆಯಿತು. ಬೆಂಗಳೂರಿನಲ್ಲಿ ಅವನ ಹೆಸರಿನ ರಸ್ತೆಯೇ ಇದೆ. ೧೮೮೦ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲಿಷ್ ಕಂಪನಿ ಕಾಲಿಟ್ಟ ಬಳಿಕ ಮರಿಕುಪ್ಪಂ, ಚಾಂಪಿಯನ್ ರೀಫ್, ಊರಿಗಾಂ ಎಂಬ ಹೆಸರುಗಳು ಲಂಡನ್ನಿನ ಷೇರುಪೇಟೆಗೂ ಪರಿಚಿತವಾದವು.

ಅಲ್ಲಿಂದ ಮುಂದೆ ಕೈಯ ಪುನರಾವೃತ್ತಿಯ ಪಕ್ಕದಲ್ಲಿ ಯಂತ್ರದ ಪುನರಾವೃತ್ತಿ ಬಂದು ನಿಂತಿತು. ಬೌರಿಂಗ್‌ಪೇಟೆಯಿಂದ ಮರಿಕುಪ್ಪಕ್ಕೆ ೧೮೯೪ರಲ್ಲಿ ರೈಲು ಬಂತು. ಬೌರಿಂಗ್‌ಪೇಟೆಯೆಂದರೆ ಈಗಿನ ಬಂಗಾರಪೇಟೆಯೇ. ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರು ಅದು. ಇಂದಿಗೂ ರೈಲ್ವೆಯವರ ಸಂಕೇತಾಕ್ಷರಗಳಲ್ಲಿ ನಮ್ಮ ನಿಲ್ದಾಣ ‘ಬಿ. ಡಬ್ಲ್ಯು. ಟಿ.’ ಎಂದೇ ಉಳಿದಿದೆ. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ೯೦ ಮೈಲಿಗೂ ಮೀರಿದ ತಂತಿಯ ಮೇಲೆ ಹರಿದು ಗಣಿಗಳನ್ನು ಮುಟ್ಟಿತು. ಬೆಂಗಳೂರು ನಗರಕ್ಕೆ ಆ ದೀಪ ಬಂದದ್ದು ಆಮೇಲೆ, ೧೯೦೫ರಲ್ಲಿ. ಅದಿರನ್ನು ಕುಟ್ಟುವ ಸ್ಟಾಂಪ್ ಮಿಲ್ಲುಗಳಲ್ಲಿ ಕಬ್ಬಿಣದ ಭಾರಿ ಒನಕೆಗಳು ಸಾಲುಸಾಲಾಗಿ ಏಳುತ್ತಿದ್ದವು, ಬೀಳುತ್ತಿದ್ದವು. ಬತ್ತ ಕುಟ್ಟುವ ಹೆಂಗಸು ದಣಿದರೆ ನಿಲ್ಲುತ್ತಾಳೆ, ಹಾಡು ಬದಲಿಸುತ್ತಾಳೆ, ಪಕ್ಕದವಳಿಗೆ ಒನಕೆ ಕೊಡುತ್ತಾಳೆ. ಈ ಒನಕೆಗೆ ಅದೊಂದೂ ಇರಲಿಲ್ಲ.

ಯಂತ್ರ ಬಂದರೂ ಕೈ ತಪ್ಪಲಿಲ್ಲ. ಆರಂಭದ ವರ್ಷಗಳಲ್ಲಿ ಬಂಡೆಗೆ ತೂತು ಕೊರೆಯುವ ಕೆಲಸ ಸುತ್ತಿಗೆ ಮತ್ತು ಉಕ್ಕಿನ ಸಲಾಕೆಯಿಂದ ನಡೆಯುತ್ತಿತ್ತು. ಗಾಳಿಯ ಒತ್ತಡದಿಂದ ಕೊರೆಯುವ ಯಂತ್ರಗಳು ಬಂದ ಮೇಲೂ ಅದನ್ನು ಎದೆಗೆ ಒತ್ತಿಹಿಡಿದು ನಿಲ್ಲಬೇಕಾದವನು ಮನುಷ್ಯನೇ. ಉತ್ತರ ಆರ್ಕಾಟಿನ ತಮಿಳು ಹಳ್ಳಿಗಳಿಂದ, ಚಿತ್ತೂರಿನ ಕಡೆಯ ತೆಲುಗು ಊರುಗಳಿಂದ, ಸುತ್ತಲಿನ ಕನ್ನಡ ಗ್ರಾಮಗಳಿಂದ ಜನ ಬಂದರು. ಅವರಲ್ಲಿ ಬಹುಮಂದಿ, ಹುಟ್ಟಿದ ಊರಿನಲ್ಲಿ ಅಸ್ಪೃಶ್ಯರೆನ್ನಿಸಿಕೊಂಡು ಬಾವಿಯಿಂದ ದೂರವಿದ್ದವರು. ಚಾಂಪಿಯನ್ ರೀಫ್ ಗಣಿ ೩ ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಆ ಆಳದಲ್ಲಿ ಬಂಡೆಯ ಶಾಖ ೬೦ ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತಿತ್ತು. ಎಲ್ಲ ಗಣಿಗಳಿಂದ ೧೨೦ ವರ್ಷಗಳಲ್ಲಿ ಹೊರಬಂದ ಚಿನ್ನ ಸುಮಾರು ೮೦೦ ಟನ್ನು. ಅದಕ್ಕಾಗಿ ಮೇಲೆತ್ತಿದ ಅದಿರು ಸುಮಾರು ೫ ಕೋಟಿ ಟನ್ನು. ಭಾಗಿಸಿ ನೋಡಿದರೆ ಒಂದು ಟನ್ ಕಲ್ಲಿಗೆ ಸರಾಸರಿ ೧೬ ಗ್ರಾಂ ಚಿನ್ನ. ಒಂದು ಸಾಧಾರಣ ಸರದ ತೂಕ ಅದು. ಪ್ರತಿಯೊಂದು ಸರಕ್ಕೂ ಒಂದು ಟನ್ ಕಲ್ಲನ್ನು ಕೊರೆದು, ಸಿಡಿಸಿ, ಗೋರಿ, ತಳ್ಳಿ, ಎತ್ತಿ, ಕುಟ್ಟಿ, ತೊಳೆಯಬೇಕಾಗಿತ್ತು.

ಗಣಿಯಲ್ಲಿ ನಡೆದ ಕೈಕೆಲಸಗಳಲ್ಲಿ ಬಹಳ ಕಡಮೆ ಜನಕ್ಕೆ ತಿಳಿದಿರುವಂಥದು ಒಂದಿದೆ. ಅದಿರನ್ನು ತೆಗೆದ ಮೇಲೆ ಭೂಮಿಯೊಳಗೆ ದೊಡ್ಡ ಪೊಳ್ಳುಗಳು ಉಳಿಯುತ್ತವೆ. ಮೇಲಿನ ಬಂಡೆಯ ಭಾರಕ್ಕೆ ಅವು ಇದ್ದಕ್ಕಿದ್ದಂತೆ ಸಿಡಿಯುತ್ತವೆ. ಗಣಿಯವರ ಮಾತಿನಲ್ಲಿ ಇದು ‘ಏರ್‌ಬ್ಲಾಸ್ಟ್’. ಮೇಲಿನ ಊರಿನ ಮನೆಗಳಲ್ಲಿ ಪಾತ್ರೆಗಳು ನಡುಗಿದರೆ ಕೆಳಗೆ ಯಾರ ಮನೆಯವರು ಇದ್ದಾರೋ ಎಂದು ಹೆಂಗಸರು ಬೀದಿಗೆ ಬರುತ್ತಿದ್ದರು. ಇದನ್ನು ತಡೆಯಲು ಮೊದಲು ಮರದ ಆಧಾರ ಕೊಡುತ್ತಿದ್ದರು. ಅದು ಸಾಲದೆ ಹೋದಾಗ ಗ್ರಾನೈಟ್ ಕಲ್ಲುಗಳನ್ನು ಮೇಲೆ ಉಳಿಯಿಂದ ಹದಮಾಡಿ, ಕೆಳಗೆ ಇಳಿಸಿ, ಒಂದರ ಮೇಲೊಂದು ಜೋಡಿಸಿ ಗೋಡೆ ಕಟ್ಟತೊಡಗಿದರು. ಗಣಿ ಆಳಕ್ಕೆ ಹೋದಷ್ಟೂ ಗೋಡೆಗಳೂ ಅದರ ಹಿಂದೆಯೇ ಇಳಿದವು. ಕಲ್ಲು ತೆಗೆಯುವುದು, ಕಲ್ಲು ತುಂಬುವುದು. ಚಿನ್ನವಿರುವ ಕಲ್ಲು ಮೇಲಕ್ಕೆ, ಚಿನ್ನವಿಲ್ಲದ ಕಲ್ಲು ಕೆಳಕ್ಕೆ.

ಒಮ್ಮೆ ತರಗತಿಯಲ್ಲಿ ಶೀಲಾ ಗೌಡ ಅವರ ಇನ್ನೊಂದು ಕೃತಿಯ ಚಿತ್ರವನ್ನು ತೋರಿಸಿದ್ದೆ. ೨೦೧೨ರಲ್ಲಿ ಕೊಚ್ಚಿಯ ಪ್ರಥಮ ಬಿಯೆನಾಲೆಯಲ್ಲಿ ಕ್ರಿಸ್ಟೋಫ್ ಸ್ಟೋರ್ಸ್ ಅವರೊಡನೆ ಮಾಡಿದ್ದು ಅದು. ಮಿಕ್ಸಿ ಬಂದಮೇಲೆ ಬೆಂಗಳೂರಿನ ಮನೆಗಳಿಂದ ಹೊರಬಿದ್ದು ಬೀದಿಯ ಮೂಲೆಯಲ್ಲಿ ಕುಳಿತಿದ್ದ ೧೫೦ಕ್ಕೂ ಹೆಚ್ಚು ರುಬ್ಬುವ ಕಲ್ಲುಗಳನ್ನು ಅವರು ಕೊಚ್ಚಿಗೆ ಸಾಗಿಸಿ, ಹಳೆಯ ಉಗ್ರಾಣವೊಂದರ ಆವರಣದಲ್ಲಿ ಇರಿಸಿದ್ದರು. ಆ ಕಲ್ಲುಗಳನ್ನು ಒಡೆಯಲು ಯಾರಿಗೂ ಮನಸ್ಸು ಬಂದಿರಲಿಲ್ಲ, ಮನೆಯೊಳಗೆ ಇಟ್ಟುಕೊಳ್ಳಲು ಜಾಗವೂ ಇರಲಿಲ್ಲ. ಚಿತ್ರ ನೋಡಿ ಹುಡುಗರು ನಕ್ಕರು. ಚಾಂಪಿಯನ್ ರೀಫ್ ಕಡೆಯಿಂದ ರೈಲಿನಲ್ಲಿ ಬರುವ ಹುಡುಗಿಯೊಬ್ಬಳು ಮಾತ್ರ, “ಸಾರ್, ನಮ್ಮ ತಾತ ಮೈನ್ಸ್‌ನಲ್ಲಿ ಕಲ್ಲುಗೋಡೆ ಕಟ್ತಿದ್ರು. ಅವರಿಗೆ ಈ ಫೋಟೋ ತೋರಿಸ್ಬೇಕು” ಎಂದಳು. ಒಂದು ಭಾನುವಾರ ನಾನೇ ಅವರ ಮನೆಗೆ ಹೋದೆ. ಕಾಲೋನಿಯ ತಗ್ಗಾದ ಸೂರಿನ ಕೆಳಗೆ ಮುದುಕರು ಸ್ಟೂಲಿನ ಮೇಲೆ ಕುಳಿತಿದ್ದರು. ೧೯೭೦ರ ದಶಕದಲ್ಲಿ ಕೆಲಸಕ್ಕೆ ಸೇರಿ ಗಣಿ ಮುಚ್ಚುವ ತನಕ ಇದ್ದವರು. ಚಿತ್ರವನ್ನು ಬಹಳ ಹೊತ್ತು ನೋಡಿ, “ಒಳ್ಳೇ ಕಲ್ಲುಗಳು” ಎಂದರು.

“ದಿನಾ ಅದೇ ಕಲ್ಲು, ಅದೇ ಗೋಡೆ, ಬೇಸರ ಆಗ್ತಿರಲಿಲ್ಲವೇ ಅಯ್ಯಾ?” ಎಂದು ನಾನು ಕೇಳಿದೆ.

“ಅದೇ ಕಲ್ಲು ಅಂತ ಯಾರು ಹೇಳಿದ್ರು ಸಾರ್? ಕಲ್ಲು ಕಲ್ಲಿಗೂ ಮುಖ ಬೇರೆ ಇರುತ್ತೆ. ಕೈಯಲ್ಲಿ ತಿರುಗಿಸಿದ್ರೆ ಅದೇ ಹೇಳುತ್ತೆ ಯಾವ ಕಡೆ ಕೂರ್ತೀನಿ ಅಂತ. ಎಲ್ಲಾ ಒಂದೇ ಅಂದ್ಕೊಂಡು ಇಟ್ಟೋನು ಸಾಯಂಕಾಲ ಕೇಜಲ್ಲಿ ಮೇಲಕ್ಕೆ ಬರ್ತಿರಲಿಲ್ಲ.”

ಎಷ್ಟು ಗೋಡೆ ಕಟ್ಟಿರಬಹುದು ಎಂದುದಕ್ಕೆ ಅವರು ನಕ್ಕುಬಿಟ್ಟರು. “ಅದನ್ನ ಯಾರು ಎಣಿಸವ್ರೆ? ಈಗ ಎಲ್ಲಾ ನೀರೊಳಗೆ ಐತೆ” ಎಂದರು. ಆ ಮಾತು ನಿಜ. ೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿದ ಬಳಿಕ ನೀರೆತ್ತುವ ಪಂಪುಗಳು ನಿಂತು ಸುರಂಗಗಳು ಮುಳುಗಿದವು. ತಲೆಮಾರುಗಳ ಕಾಲ ಕೈಯಿಂದ ಕಟ್ಟಿದ ಆ ಗೋಡೆಗಳನ್ನು ಇನ್ನು ಯಾರೂ ನೋಡಲಾರರು. ಹಂಪಿಯ ಕೋಟೆಗೋಡೆಗಳನ್ನು ನೋಡಲು ಹೋಗುವ ನಮಗೆ, ನಮ್ಮ ಜಿಲ್ಲೆಯ ನೆಲದ ಕೆಳಗೆ ಇಂಥ ಒಂದು ಕಟ್ಟಡ ಕತ್ತಲಲ್ಲಿ ನಿಂತಿದೆ ಎಂಬ ಅರಿವೇ ಇಲ್ಲ.

ಕಂಪನಿಗಳಿಗೆ ಕೈಯ ಮೇಲೆ ಗಮನವೇ ಇರಲಿಲ್ಲ ಎನ್ನುವಂತಿಲ್ಲ. ಬೇರೊಂದು ಕಾರಣಕ್ಕೆ ಅವರ ಕಣ್ಣು ಸದಾ ಕೈಯ ಮೇಲೇ ಇತ್ತು. ಚಿನ್ನದ ಕಳವಿನ ಭಯ ಅವರಿಗೆ. ಪಾಳಿ ಮುಗಿಸಿ ಬಂದವರನ್ನು ತಡೆದು ಮೈ ತಡವುತ್ತಿದ್ದರು. ೧೯೩೦ರಲ್ಲಿ ಕೆಲಸಗಾರರ ಬೆರಳಚ್ಚು ತೆಗೆದು ದಾಖಲೆ ಮಾಡಲು ಹೊರಟಾಗ ಸಾವಿರಾರು ಮಂದಿ ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. ಬಂಡೆ ಕೊರೆಯಲು, ಗೋಡೆ ಕಟ್ಟಲು ಕೈಯನ್ನು ಕೊಟ್ಟವರು ಅದರ ಅಚ್ಚನ್ನು ಕಳ್ಳರ ಪುಸ್ತಕಕ್ಕೆ ಕೊಡಲು ಒಪ್ಪಲಿಲ್ಲ. ಇದು ಕೂಲಿಯ ಹೋರಾಟವಷ್ಟೇ ಆಗಿರಲಿಲ್ಲ, ಮರ್ಯಾದೆಯ ಪ್ರಶ್ನೆಯೂ ಆಗಿತ್ತು. ಬೆರಣಿಯ ಮೇಲಿನ ಬೆರಳಚ್ಚಿಗೂ ಪೋಲೀಸು ಕಡತದ ಬೆರಳಚ್ಚಿಗೂ ಇರುವ ಅಂತರವನ್ನು ಆ ನಿರಕ್ಷರ ಜನ ಚೆನ್ನಾಗಿ ಬಲ್ಲವರಾಗಿದ್ದರು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಕೈಕೆಲಸವನ್ನು ಹೊಗಳುವ ಭರದಲ್ಲಿ ದುಡಿಮೆಯ ಕಷ್ಟವನ್ನು ಕಾವ್ಯಮಾಡಿಬಿಡುವ ಅಪಾಯವಿದೆ. ಗಣಿಯ ಪುನರಾವೃತ್ತಿ ಕೊಲ್ಲುವಂಥದೂ ಆಗಿತ್ತು. ಪ್ರತಿ ಸಲ ಕೊರೆದಾಗಲೂ ಏಳುವ ಕಲ್ಲಿನ ಪುಡಿ ಶ್ವಾಸಕೋಶದಲ್ಲಿ ಪದರ ಪದರವಾಗಿ ಕೂತು ಸಿಲಿಕೋಸಿಸ್ ಎಂಬ ರೋಗವಾಗುತ್ತಿತ್ತು; ೧೯೪೦ರ ದಶಕದಲ್ಲಿ ವೈದ್ಯರ ಸಮೀಕ್ಷೆಗಳು ಇದನ್ನು ದೃಢಪಡಿಸಿದವು. ಕಲಾವಿದೆ ತನ್ನ ದಾರವನ್ನು ತಾನೇ ಆರಿಸಿಕೊಂಡಿದ್ದಾಳೆ, ಬೇಡವೆನಿಸಿದಾಗ ಕೆಳಗಿಡಬಲ್ಲಳು, ಕೊನೆಗೆ ಅದರ ಮೇಲೆ ಅವಳ ಹೆಸರಿರುತ್ತದೆ. ಗಣಿಯ ಕೂಲಿಗೆ ಈ ಮೂರೂ ಇರಲಿಲ್ಲ. ಈ ಭೇದವನ್ನು ಮರೆತು ಇಬ್ಬರನ್ನೂ ಸಮಮಾಡಿದರೆ ಅದು ಸುಳ್ಳಾಗುತ್ತದೆ. ಶೀಲಾ ಗೌಡ ಅವರು ಅದನ್ನು ಮರೆತವರಲ್ಲವೆಂದು ನನಗೆ ತೋರುತ್ತದೆ. ಡಾಂಬರಿನ ಪೀಪಾಯಿಗಳನ್ನು ಅವರು ಆರಿಸಿಕೊಂಡದ್ದೇ, ರಸ್ತೆಯ ಕೂಲಿಗಳು ಅವನ್ನು ಚಪ್ಪಟೆಮಾಡಿ ತಮ್ಮ ಗುಡಿಸಲಿನ ಗೋಡೆಯಾಗಿಸಿಕೊಳ್ಳುವುದನ್ನು ಕಂಡು. ಅವರ ‘ಕಾಗೆ ಬಂಗಾರ’ದಲ್ಲಿ ಮಿನುಗುವ ಅಭ್ರಕಕ್ಕಿಂತ, ಪೆಟ್ಟು ತಿಂದು ಮಟ್ಟಸವಾದ ಆ ತಗಡೇ ಮಿಗಿಲಾದದ್ದು.

ಪುನರಾವೃತ್ತಿಗೆ ಇನ್ನೊಂದು ಮುಖವನ್ನು ನೋಡಬೇಕಾದರೆ ಗಣಿಯಿಂದ ಕೆಲವೇ ಮೈಲಿ ದೂರದ ಕಮ್ಮಸಂದ್ರಕ್ಕೆ ಹೋಗಬೇಕು. ಅಲ್ಲಿಯ ಕೋಟಿಲಿಂಗೇಶ್ವರ ಕ್ಷೇತ್ರವನ್ನು ೧೯೮೦ರಲ್ಲಿ ಸಾಂಬಶಿವಮೂರ್ತಿ ಸ್ವಾಮಿಗಳು ಆರಂಭಿಸಿದರು. ೧೦೮ ಅಡಿ ಎತ್ತರದ ಲಿಂಗದ ಸುತ್ತ, ಕಣ್ಣು ಹಾಯುವಷ್ಟು ದೂರ ಸಣ್ಣ ಲಿಂಗಗಳು ಸಾಲುಗಟ್ಟಿವೆ. ಹರಕೆ ಹೊತ್ತವರು ಒಬ್ಬೊಬ್ಬರೂ ತಮ್ಮ ಹೆಸರಿನಲ್ಲಿ ಒಂದೊಂದನ್ನು ಪ್ರತಿಷ್ಠೆ ಮಾಡಿಸುತ್ತಾರೆ. ಕೋಟಿ ಮುಟ್ಟಬೇಕೆಂಬುದು ಸಂಕಲ್ಪ. ಮೊದಲ ನೋಟಕ್ಕೆ ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಂಡು ನನಗೆ ಆಯಾಸವೇ ಆಯಿತು. ಆದರೆ ಅಲ್ಲಿಗೆ ಬಂದ ಸಂಸಾರಗಳು ನೋಡುವ ಕ್ರಮವೇ ಬೇರೆ. ಅವರು ಆ ಸಾವಿರ ಸಾಲುಗಳ ನಡುವೆ ಓಡಾಡುತ್ತ ತಮ್ಮದೊಂದನ್ನು ಹುಡುಕುತ್ತಾರೆ. “ಇದೇ ನಮ್ಮದು, ಅವ್ವ ಹೋದ ವರ್ಷ ಇಟ್ಟದ್ದು” ಎಂದು ಒಬ್ಬರು ಅದರ ನೆತ್ತಿ ತೊಳೆದು ಹೂವಿಡುತ್ತಿದ್ದರು. ನನಗೆ ಸಂಖ್ಯೆಯಾಗಿದ್ದದ್ದು ಅವರಿಗೆ ಹೆಸರಾಗಿತ್ತು. ಗಣಿಯ ಕಡತ ಹೆಸರುಗಳನ್ನು ಸಂಖ್ಯೆಗಳಾಗಿ ಮಾಡಿತು. ಇಲ್ಲಿ ಕೋಟಿಯೆಂಬ ಸಂಖ್ಯೆಯೊಳಗೆ ಜನ ತಮ್ಮ ಹೆಸರನ್ನು ಸೇರಿಸಿಬಿಟ್ಟಿದ್ದಾರೆ.

ಶೀಲಾ ಗೌಡ ಅವರ ೨೦೧೧ರ ಕೃತಿಯೊಂದರಲ್ಲಿ ಇದಕ್ಕೆ ಹತ್ತಿರದ ಭಾವನೆಯನ್ನು ಕಾಣುತ್ತೇವೆ. ಮರದ ಚಕ್ಕೆಗಳಲ್ಲಿ ಕೆತ್ತಿದ ಹರಕೆಯ ಗೊಂಬೆಗಳು ಅಲ್ಲಿ ಸಾವಿರಗಟ್ಟಲೆ ಇವೆ. ಗೊಂಬೆಯೆನ್ನಲು ಎಷ್ಟು ಬೇಕೋ ಅಷ್ಟೇ ಕೆತ್ತನೆ. ಕಣ್ಣು ಮೂಗುಗಳ ಸುಳಿವು ಮಾತ್ರ. ಕೆಲವು ಗುಂಪಾಗಿ ಬಿದ್ದಿವೆ, ಕೆಲವು ಒಂಟಿಯಾಗಿ ನಿಂತಿವೆ. ೨೦೦೯ರ ವೆನಿಸ್ ಬಿಯೆನಾಲೆಯಲ್ಲಿ ತೋರಿಸಿದ ಅವರ ಇನ್ನೊಂದು ಕೃತಿಗೆ ಸಾಮಗ್ರಿ ಮನುಷ್ಯರ ಕೂದಲು. ನಮ್ಮ ಕಡೆ ದೃಷ್ಟಿ ತಾಕದಿರಲೆಂದು ವಾಹನಗಳಿಗೆ ಕಟ್ಟುವ ಕೂದಲ ಹಗ್ಗವನ್ನು ಸಾವಿರಾರು ಮೀಟರು ಉದ್ದಕ್ಕೆ ಹೊಸೆದು ಗಂಟಿಕ್ಕಿ, ಅದರಿಂದ ಕಾರುಗಳ ಉಕ್ಕಿನ ಬಂಪರುಗಳನ್ನು ತೂಗುಹಾಕಿದ್ದರು. ಈಗ ಅದು ಲಂಡನ್ನಿನ ಟೇಟ್ ಸಂಗ್ರಹಾಲಯದ ಸೊತ್ತು. ದೇವರಿಗೆ ಮುಡಿ ಕೊಟ್ಟ ಎಷ್ಟು ಜನರ ತಲೆಗೂದಲು ಆ ಹಗ್ಗದಲ್ಲಿ ಹೊಸೆದುಕೊಂಡಿದೆಯೋ! ಒಂದು ಎಳೆಗೆ ಇಲ್ಲದ ಬಲ ಹೊಸೆದಾಗ ಬರುತ್ತದೆ, ಉಕ್ಕನ್ನೇ ಎತ್ತಿಹಿಡಿಯುತ್ತದೆ. ಇಂಥ ಕೆಲಸಕ್ಕಾಗಿಯೇ ೨೦೧೯ರಲ್ಲಿ ಅವರಿಗೆ ಮಾರಿಯಾ ಲಾಸ್ನಿಗ್ ಪ್ರಶಸ್ತಿ ಬಂತು. ಯೂರೋಪಿನವರು ಮೆಚ್ಚಿದರೆಂದು ನಾವು ಮೆಚ್ಚಬೇಕಾಗಿಲ್ಲ. ನಮ್ಮ ಅಡಿಗೆಮನೆ, ಹಟ್ಟಿ, ರಸ್ತೆ, ಗುಡಿಗಳ ಕೈಕೆಲಸವನ್ನು ಅಳಿಸದೆ, ಅದರ ಎಣಿಕೆ ಕಣ್ಣಿಗೆ ಕಾಣುವಂತೆ ಇಟ್ಟಿದ್ದಾರೆಂಬ ಕಾರಣಕ್ಕೆ ಮೆಚ್ಚಬೇಕು.

ಇದು ಕೇವಲ ಕಲಾವಿಮರ್ಶೆಯ ವಿಷಯವೆಂದು ವಾಚಕರು ಭಾವಿಸಬಾರದು. ಚಿನ್ನದ ಗಣಿಯ ಊರುಗಳಲ್ಲಿ ಇದು ಇಂದಿನ ಪ್ರಶ್ನೆ. ೧೯೫೬ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದವು, ೧೯೬೨ರಲ್ಲಿ ಕೇಂದ್ರಕ್ಕೆ ಹೋದವು, ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು, ೨೦೦೧ರಲ್ಲಿ ಬಾಗಿಲು ಮುಚ್ಚಿತು. ಗಣಿಗೆ ಇಳಿಯುತ್ತಿದ್ದವರ ಮಕ್ಕಳು ಮೊಮ್ಮಕ್ಕಳು ಈಗ ನಸುಕಿನಲ್ಲಿ ಮರಿಕುಪ್ಪದ ರೈಲು ಹತ್ತಿ, ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗುತ್ತಾರೆ. ಅವರ ಅಜ್ಜಂದಿರು ಕೇಜಿನಲ್ಲಿ ಇಳಿದು ಏರುತ್ತಿದ್ದಂತೆ ಇವರು ದಿನವೂ ಹೋಗಿ ಬರುತ್ತಾರೆ. ಊರಿನಲ್ಲಿ ಕಣ್ಣಿಗೆ ಕಾಣುವಂತೆ ಉಳಿದಿರುವುದು ಸೈನೈಡ್ ಗುಡ್ಡಗಳು. ಚಿನ್ನವನ್ನು ಸೋಸಿ ತೆಗೆದ ಮೇಲೆ ಚೆಲ್ಲಿದ ಪುಡಿ ಅದು. ಸುಮಾರು ೩ ಕೋಟಿ ಟನ್ನಿಗೂ ಹೆಚ್ಚು. ಬೇಸಗೆಯ ಗಾಳಿಗೆ ಅದರ ಧೂಳು ಮನೆಯೊಳಗೂ ಬರುತ್ತದೆ. ಆ ಪುಡಿಯಲ್ಲಿ ಇನ್ನೂ ಅಲ್ಪಸ್ವಲ್ಪ ಚಿನ್ನವಿದೆಯೆಂದು ತಜ್ಞರು ಹೇಳುತ್ತಾರೆ. ೨೦೨೪ರ ಜೂನ್ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟವು ಇಲ್ಲಿಯ ೧೩ ಗುಡ್ಡಗಳಿಂದ ಅದನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು.

ಆ ಚಿನ್ನಕ್ಕೆ ಗ್ರಾಮಿನ ಲೆಕ್ಕ ಇಡುವವರು ಬಂದೇ ಬರುತ್ತಾರೆ, ಅದರ ಚಿಂತೆ ನಮಗೆ ಬೇಡ. ಆದರೆ ಆ ಗುಡ್ಡಗಳು ಕರಗಿದ ದಿನ, ಅವನ್ನು ಒಂದೊಂದು ಬಾಚಿಯಾಗಿ ಎತ್ತಿ ಹಾಕಿದ ಕೈಗಳ ಕೊನೆಯ ಗುರುತೂ ಕರಗುತ್ತದೆ. ಹಾಗಾಗುವ ಮುನ್ನ ಮಾಡಬಹುದಾದ ಕೆಲಸ ಇನ್ನೂ ಇದೆ. ಕಲ್ಲುಗೋಡೆ ಕಟ್ಟಿದವರು, ಕೇಜು ನಡೆಸಿದವರು, ಮಿಲ್ಲಿನಲ್ಲಿ ನಿಂತವರು, ಮೇಲೆ ಅದಿರು ಆರಿಸಿದ ಹೆಂಗಸರ ಮಕ್ಕಳು ನಮ್ಮ ನಡುವೆ ಬದುಕಿದ್ದಾರೆ. ಅವರ ಮಾತು ತಮಿಳೋ ತೆಲುಗೋ ಕನ್ನಡವೋ ಎಂದು ವಿಂಗಡಿಸಲು ಹೋದರೆ ಪಂಡಿತರು ಸೋಲುತ್ತಾರೆ. ಶಾಫ್ಟು, ಶಿಫ್ಟು, ಸ್ಟೋಪು ಎಂಬ ಇಂಗ್ಲಿಷ್ ಮಾತುಗಳೂ ಅದರಲ್ಲಿ ಮನೆಯ ಮಾತುಗಳಾಗಿಬಿಟ್ಟಿವೆ. ಕಳೆದ ವರ್ಷದಿಂದ ನನ್ನ ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳಿದ್ದೇನೆ. ಪ್ರತಿಯೊಬ್ಬರೂ ಒಬ್ಬ ಹಿರಿಯರನ್ನು ಕಂಡು, ಅವರು ಮಾಡುತ್ತಿದ್ದ ಒಂದೇ ಒಂದು ಕೆಲಸವನ್ನು, ಕೈ ಹೇಗೆ ಹಿಡಿಯಬೇಕು, ಕಾಲು ಎಲ್ಲಿಡಬೇಕು, ಯಾವ ಸದ್ದಿಗೆ ನಿಲ್ಲಬೇಕು ಎಂಬುದರ ಸಮೇತ, ಅವರ ಮಾತಿನಲ್ಲಿಯೇ ಬರೆದು ತರಬೇಕು. ಎಲ್ಲರೂ ಒಂದೇ ತರಹ ಬರೆದು ತರುತ್ತಾರೆ ಎಂದು ಸಹೋದ್ಯೋಗಿಗಳು ಹೇಳಿದ್ದರು. ಈ ತನಕ ಬಂದಿರುವ ೩೪ ಬರವಣಿಗೆಗಳಲ್ಲಿ ೯ ಕಲ್ಲುಗೋಡೆಯನ್ನು ಕುರಿತವು, ಒಂದರಂತೆ ಇನ್ನೊಂದಿಲ್ಲ.